ಪಾಳಾದ ದಾರಿಯಲ್ಲಿ ನಿಲ್ಲುತ್ತಿದ್ದ ಗಾಡಿ

ಪೆಟ್ರೋಲು ಮತ್ತು ವಿಭೂತಿ ಕೂಡಿದರೆ ಎಂಥ ವಾಸನೆ ಬರುತ್ತದೆಂದು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತೋ ಕಾಣೆ. ಗೊತ್ತಿದ್ದವರು ಕಡಿಮೆ ಇರಬೇಕು, ಇದ್ದರೂ ನನ್ನ ಹಾಗೆ ತಲೆ ನರೆತವರೇ ಇರಬೇಕು. ಮೊನ್ನೆ ಹಳಿಯಾಳದ ಪೇಟೆಯಲ್ಲಿ ಸ್ಕೂಟರಿನ ಚಕ್ರಕ್ಕೆ ಗಾಳಿ ಹಾಕಿಸಲು ಒಂದು ಗ್ಯಾರೇಜಿನ ಮುಂದೆ ನಿಂತಿದ್ದೆ. ಒಳಗೆ ಮಿಸ್ತ್ರಿ ಯಾವುದೋ ಹಳೆಯ ಗಾಡಿಯ ಕಾರ್ಬೋರೇಟರ್ ಬಿಚ್ಚಿ, ಅದರ ಚೂರುಪಾರುಗಳನ್ನು ಅಲ್ಯುಮಿನಿಯಂ ತಾಟಿನಲ್ಲಿಟ್ಟು ಪೆಟ್ರೋಲಿನಲ್ಲಿ ತೊಳೆಯುತ್ತಿದ್ದ. ಸೋಮವಾರವಾದ್ದರಿಂದ ಆಗಷ್ಟೇ ಪೂಜೆ ಮುಗಿಸಿ ಹಣೆ ತುಂಬ ವಿಭೂತಿ ಹಚ್ಚಿಕೊಂಡಿದ್ದ. ಬಾಗಿದಾಗಲೆಲ್ಲ ಅದರ ಪುಡಿ ಒಂದಿಷ್ಟು ತಾಟಿಗೂ ಉದುರುತ್ತಿತ್ತು. ಗಾಳಿ ಹಾಕಿ ಮುಗಿದರೂ ನಾನು ಅಲ್ಲೇ ನಿಂತೆ. "ಇನ್ನೇನರ ಆಗಬೇಕೇನ್ರಿ ಅಕ್ಕಾರ?" ಎಂದು ಅವನು ಕೇಳಿದ. ಏನೂ ಆಗಬೇಕಿರಲಿಲ್ಲ. ಆಗಬೇಕಾದದ್ದೆಲ್ಲ ಆಗಿಹೋಗಿ ಬಹಳ ಕಾಲವಾಗಿತ್ತು. ಆದರೂ ಆ ವಾಸನೆ ಬಿಟ್ಟು ಬರಲು ಮನಸ್ಸಾಗಲಿಲ್ಲ.

ನಾನು ಹುಟ್ಟಿ ಬೆಳೆದದ್ದು ದಾಂಡೇಲಿಯ ಪೇಪರ್ ಮಿಲ್ಲಿನ ಕ್ವಾರ್ಟರ್ಸಿನಲ್ಲಿ. ಎರಡು ಕೋಣೆ, ಒಂದು ಅಡಿಗೆಮನೆ, ಮುಂದೆ ತಗಡಿನ ಛಪ್ಪರ. ಹೊರಗಿನಿಂದ ಬಂದ ನೆಂಟರು ಊರು ಮುಟ್ಟುವ ಮೊದಲೇ ಮಿಲ್ಲಿನ ವಾಸನೆಗೆ ಸೆರಗು, ಕರವಸ್ತ್ರ ಹುಡುಕುತ್ತಿದ್ದರು. ನಮಗೆ ಅದು ವಾಸನೆ ಎಂದು ತಿಳಿಯುತ್ತಿದ್ದದ್ದು ಬೇರೆ ಊರಿಗೆ ಹೋಗಿ ಮರಳಿದಾಗ ಮಾತ್ರ. ಅವ್ವನಿಗೆ ಹಾಗೆ ತಿಳಿಯುವ ಅವಕಾಶವೇ ಬರುತ್ತಿರಲಿಲ್ಲ, ಅವಳು ಎಲ್ಲಿಗೂ ಹೋಗುತ್ತಿರಲಿಲ್ಲ. ಮಿಲ್ಲಿನ ಭೋಂಗಾ ಕೂಗಿದಾಗ ಏಳುವುದು, ಕೂಗಿದಾಗ ಡಬ್ಬಿ ಕಟ್ಟುವುದು, ಕೂಗಿದಾಗ ಚಹಾಕ್ಕೆ ಇಡುವುದು. ಅಪ್ಪನ ಶಿಫ್ಟು ಬದಲಾದರೆ ಅವಳ ಹಸಿವು, ನಿದ್ದೆ ಎಲ್ಲವೂ ಬದಲಾಗುತ್ತಿದ್ದವು. ಅಡಿಗೆಮನೆಯ ಕಿಟಕಿಯಿಂದ ದೊಡ್ಡ ರಸ್ತೆಯ ಒಂದು ತುಣುಕು ಕಾಣುತ್ತಿತ್ತು. ಅಲ್ಲಿ ಬಸ್ಸು ಹಾದುಹೋಗುವ ಹೊತ್ತಿಗೆ ಅವಳ ಕೈ ರೊಟ್ಟಿಯ ಮೇಲೆ ಒಂದು ಗಳಿಗೆ ನಿಲ್ಲುತ್ತಿದ್ದದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಛಪ್ಪರದ ಕೆಳಗೆ ನಿಲ್ಲುತ್ತಿದ್ದ ಮೋಟರ್ ಸೈಕಲ್ ಗಾಡಿ ನಮ್ಮ ಮನೆಯ ನಾಲ್ಕನೆಯ ಜೀವ. ಸೂಪಾದಲ್ಲಿ ಆಣೆಕಟ್ಟಿನ ಕೆಲಸ ಮುಗಿಸಿ ತಮ್ಮೂರಿಗೆ ಹೊರಟ ಓವರ್‌ಸೀಯರ್ ಒಬ್ಬರಿಂದ ಅಪ್ಪ ಅದನ್ನು ಕೊಂಡಿದ್ದ. ಕಪ್ಪು ಬಣ್ಣ, ಎರಡು ಸೈಲೆನ್ಸರು, ಉಬ್ಬಿದ ಪೆಟ್ರೋಲ್ ಟಾಕಿ. ಈಗಿನ ಗಾಡಿಗಳ ಹಾಗೆ ಗುಂಡಿ ಒತ್ತಿದರೆ ಬಾಯಿ ಬಿಡುವ ಜಾತಿಯಲ್ಲ ಅದು. ಟಾಕಿಯ ಕೆಳಗಿನ ಕಾಕು, ಅಂದರೆ ನಲ್ಲಿ, ತಿರುಗಿಸಿ ಪೆಟ್ರೋಲು ಇಳಿಯಲು ಬಿಡಬೇಕು, ಚೋಕ್ ಎಳೆಯಬೇಕು, ಎರಡು ಸಲ ಸುಮ್ಮನೆ ಮೆಲ್ಲಗೆ ಒದ್ದು, ಮೂರನೆಯದಕ್ಕೆ ಮೈಮೇಲಿನ ಭಾರವೆಲ್ಲ ಹಾಕಿ ಒದೆಯಬೇಕು. ಚೋಕ್ ಹೆಚ್ಚಾದರೆ 'ಓವರ್' ಆಗಿ ಮುನಿಸಿಕೊಳ್ಳುತ್ತದೆ. ಆಗ ಪ್ಲಗ್ಗು ಬಿಚ್ಚಿ, ಒರೆಸಿ, ಒಣಗಿಸಿ, ಮತ್ತೆ ಮೊದಲಿನಿಂದ. ಇದೆಲ್ಲ ಮಾಡಿ ಬೆವರಿದವರು ನಿಮ್ಮಲ್ಲೂ ಇದ್ದೀರಿ, ನಿಮಗೆ ಹೇಳಬೇಕಿಲ್ಲ. ಅಪ್ಪ ಮಿಲ್ಲಿನಲ್ಲಿ ದಿನವಿಡೀ ಮಷಿನ್ನಿನ ಜೊತೆ ಇದ್ದು ಬಂದವನು, ಮನೆಗೆ ಬಂದು ಮತ್ತೆ ಮಷಿನ್ನಿನ ಮುಂದೆಯೇ ಕುಕ್ಕರಗಾಲಲ್ಲಿ ಕೂಡುತ್ತಿದ್ದ. ನಮ್ಮ ಜೊತೆ ಆಡದ ಮಾತು ಅದರ ಜೊತೆ ಆಡುತ್ತಿದ್ದ ಎಂದು ನನಗೆ ಹೊಟ್ಟೆಕಿಚ್ಚು.

ಅವ್ವನ ತವರು ಮುಂಡಗೋಡ ತಾಲೂಕಿನ ಪಾಳಾ. ನಾಗರ ಪಂಚಮಿಗೆ ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಹೋಗುವುದು ನಮ್ಮ ಕಡೆ ಎಷ್ಟು ದೊಡ್ಡ ಮಾತೆಂದು ಬೇರೆ ಸೀಮೆಯವರಿಗೆ ಹೇಳಿದರೆ ತಿಳಿಯಲಿಕ್ಕಿಲ್ಲ. ತವರಿನಿಂದ ಅಣ್ಣನೋ ತಮ್ಮನೋ ಕರೆಯಲು ಬರಬೇಕು. ಇಲ್ಲವೇ ಗಂಡನೇ ಕರೆದುಕೊಂಡು ಹೋಗಬೇಕು. ತಾನಾಗಿ ಚೀಲ ಹಿಡಿದು ಹೋದವಳನ್ನು ನೋಡಿದರೆ, ಏನೋ ಜಗಳವಾಗಿದೆ ಎಂದು ಊರು ಮಾತಾಡಿಕೊಳ್ಳುತ್ತದೆ. ನಾನು ತೀರ ಸಣ್ಣವಳಿದ್ದಾಗ ಪ್ರತಿ ವರ್ಷ ಬಸವಣ್ಣಿಮಾಮ, ಅಂದರೆ ಅವ್ವನ ತಮ್ಮ, ದಾಂಡೇಲಿಗೆ ಬಂದು ನಮ್ಮನ್ನು ಬಸ್ಸಿನಲ್ಲಿ ಕರೆದೊಯ್ಯುತ್ತಿದ್ದ. ಆಮೇಲೆ ಮಾಮನ ಮದುವೆಯಾಯಿತು. ಆ ಮದುವೆಯಲ್ಲಿ ಆಯೇರಿ ಮಾಡುವಾಗ, ಅಂದರೆ ಬೀಗರಿಗೆ ಬಟ್ಟೆಬರೆ ಕೊಟ್ಟು ರುಮಾಲು ಸುತ್ತುವಾಗ, ಮೊದಲು ಹಿರಿಯ ಅಳಿಯನನ್ನು ಕರೆಯಬೇಕಿತ್ತು. ಗದ್ದಲದಲ್ಲಿ ಯಾರೋ ಹಳಿಯಾಳದ ವ್ಯಾಪಾರಿ ನೆಂಟರನ್ನು ಮೊದಲು ಕೂಡಿಸಿ ರುಮಾಲು ಸುತ್ತಿಬಿಟ್ಟರು. ಅಪ್ಪ ತನ್ನ ಸರದಿ ಬಂದಾಗ ತಲೆ ಬಗ್ಗಿಸಿ ಸುತ್ತಿಸಿಕೊಂಡ. ಊಟದ ಪಂಕ್ತಿ ಕೂಡುವಾಗ ಮಾತ್ರ, ಶಿಫ್ಟು ಐತಿ ಎಂದು ಎದ್ದು ಹೊರಟ.

ಅಪ್ಪ ಅಲ್ಲೇ ಜಗಳ ತೆಗೆದಿದ್ದರೆ ಚೆನ್ನಾಗಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ. ನಾಲ್ಕು ಮಾತು ಅಂದು, ನಾಲ್ಕು ಅನ್ನಿಸಿಕೊಂಡು, ಹಿರಿಯರು ಕೂಡಿ ಸಮಾಧಾನ ಮಾಡಿ ಊಟಕ್ಕೆ ಕೂಡಿಸುತ್ತಿದ್ದರು. ಅವನು ಜಗಳ ಮಾಡುವ ಮನುಷ್ಯನಲ್ಲ. ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಮುಖದ ಮೇಲೆ ನಗು ಇಟ್ಟುಕೊಳ್ಳುವವನು. ಅಂಥವರ ಮನೆಯಲ್ಲಿ ಬದುಕುವವರಿಗೆ ಗೊತ್ತು, ಬಾಗಿಲು ತೆರೆದೇ ಇರುತ್ತದೆ, ಹೊರಗೆ ಹೋಗಲು ಮಾತ್ರ ಬರುವುದಿಲ್ಲ. ಮರುವರ್ಷ ಪಂಚಮಿಗೆ ಮುಂಚೆ ಮಾಮ ಕರೆಯಲು ಬಂದಾಗ ಅಪ್ಪ ಅವನನ್ನು ಚೆನ್ನಾಗಿಯೇ ಉಪಚರಿಸಿದ, ಎರಡು ಸಲ ಚಹಾ ಕುಡಿಸಿದ. ಆಮೇಲೆ ಛಪ್ಪರದ ಕಡೆ ಕೈ ತೋರಿಸಿ ಅಂದ: "ನೀ ಯಾಕ ತ್ರಾಸ ತಗೋತಿ ತಮ್ಮಾ? ಇನ್ಮ್ಯಾಲ ನೀ ಬರೂದ ಬ್ಯಾಡ. ಮನ್ಯಾಗ ಗಾಡಿ ಐತಿ, ನಾನ ಕರ್ಕೊಂಡ ಬರ್ತೇನಿ." ಮಾಮನಿಗೆ ಬಹಳ ಸಂತೋಷವಾಯಿತು. ಭಾವನ ಸಿಟ್ಟು ಇಳಿಯಿತೆಂದು ತಿಳಿದು ಒಬ್ಬನೇ ಪಾಳಾಕ್ಕೆ ಮರಳಿದ. ಅವ್ವನಿಗೆ ಇನ್ನೂ ಹೆಚ್ಚು ಸಂತೋಷವಾಯಿತು. ಗಂಡನ ಗಾಡಿಯ ಮೇಲೆ ತವರೂರಿನ ಅಗಸಿ ಬಾಗಿಲು ದಾಟುವ ಸುಖ ಆ ದಿನಗಳಲ್ಲಿ ಎಷ್ಟು ಜನ ಹೆಣ್ಣುಮಕ್ಕಳಿಗೆ ಸಿಗುತ್ತಿತ್ತು?

ಮೊದಲ ಸಲ ಹೊರಟ ದಿನ ನನಗೆ ಚೆನ್ನಾಗಿ ನೆನಪಿದೆ. ಶ್ರಾವಣದ ಜಿಟಿಜಿಟಿ ಮಳೆ ಆಗಷ್ಟೇ ಬಿಡುವು ಕೊಟ್ಟಿತ್ತು. ಅವ್ವ ಬೆಳಿಗ್ಗೆ ಎದ್ದು ಗಾಡಿ ತೊಳೆದು, ಹೆಡ್‌ಲೈಟಿನ ಮೇಲೆ ಮೂರು ಬೆರಳಿನ ವಿಭೂತಿ ಎಳೆದು, ಟಾಕಿಯ ಮುಚ್ಚಳಕ್ಕೂ ದಪ್ಪಗೆ ಹಚ್ಚಿ ನಡುವೆ ಕುಂಕುಮ ಇಟ್ಟಳು. ಗಾಡಿಗೆ ಹೆಡ್‌ಲೈಟು ಮುಖವಾದರೆ ಟಾಕಿಯ ಮುಚ್ಚಳವೇ ನೆತ್ತಿ ಎಂಬುದು ಅವಳ ಲೆಕ್ಕ. ನಾನು ಟಾಕಿಯ ಮೇಲೆ, ಮುಚ್ಚಳದ ಹಿಂದೆ. ಅವ್ವ ಹಿಂದಿನ ಸೀಟಿನ ಮೇಲೆ ಒಂದು ಬದಿಗೆ ಕಾಲು ಹಾಕಿ. ಹಳಿಯಾಳ ದಾಟಿ ಕಲಘಟಗಿಯ ದಾರಿ ಹಿಡಿದು ಸ್ವಲ್ಪ ದೂರ ಹೋಗಿರಬೇಕು, ಗಾಡಿ ಒಂದೆರಡು ಸಲ ಮುಗ್ಗರಿಸಿದಂತೆ ಮಾಡಿ ನಿಂತುಬಿಟ್ಟಿತು. ಎರಡೂ ಕಡೆ ಸಾಗವಾನಿಯ ಅಡವಿ. ಅಪ್ಪ ಒದ್ದ, ಒದ್ದ, ಒದ್ದ. ಪ್ಲಗ್ಗು ತೆಗೆದು ಇಂಜಿನ್ನಿಗೆ ತಾಗಿಸಿ ಕಿಡಿ ನೋಡಿದ, ಕಿಡಿ ಇತ್ತು. ಕಾರ್ಬೋರೇಟರಿಗೆ ಬಾಯಿ ಹಚ್ಚಿ ಊದಿದ. "ಕಚರಾ ಬಂದಿರಬೇಕ," ಎಂದ. ಕೊನೆಗೆ ಟಾಕಿಯ ಮುಚ್ಚಳ ತೆಗೆದು ಗಾಡಿ ಅಲುಗಾಡಿಸಿ ಪೆಟ್ರೋಲಿನ ಸಪ್ಪಳ ಕೇಳಿದ. ಮುಚ್ಚಳ ಹಾಕಿ ಒದ್ದ. ಗಾಡಿ ಚಾಲೂ ಆಯಿತು.

ಅಷ್ಟರಲ್ಲಿ ನಮ್ಮ ಹಿಂದಿನಿಂದ ಬಸ್ಸು ಬಂದಿತ್ತು. ಡ್ರೈವರು ನಮ್ಮನ್ನು ನೋಡಿ ನಿಧಾನ ಮಾಡಿದ, ಕಂಡಕ್ಟರು ಬಾಗಿಲು ತೆರೆದು ಕೇಳಿದ. ಅಪ್ಪ ಎಣ್ಣೆಗೈಯನ್ನು ಮೇಲೆತ್ತಿ, "ಹೋಗ್ರಿ, ನಮ್ಮ ಗಾಡಿ ಐತಿ," ಎಂದ. ಬಸ್ಸು ಹೋಯಿತು. ಅವ್ವ ಅದು ತಿರುವಿನಲ್ಲಿ ಮರೆಯಾಗುವ ತನಕ ನೋಡಿದಳು. ಗಾಡಿ ಚಾಲೂ ಆದ ಮೇಲೆ ಅಪ್ಪ ಅದನ್ನು ದಾಂಡೇಲಿಯ ಕಡೆ ತಿರುಗಿಸಿದ. "ನಂಬಿಕಿ ಇಲ್ಲದ ಗಾಡಿ ಮ್ಯಾಲ ಅಡವ್ಯಾಗ ಹೆಣ್ಮಕ್ಕಳನ್ನ ಕರ್ಕೊಂಡ ಹೆಂಗ ಹೋಗೂದು? ಮಿಸ್ತ್ರಿಗಿ ತೋರಸ್ತೇನಿ. ಮುಂದಿನ ಸಲ ಹೋಗೂಣು." ಮನೆಗೆ ಬಂದು ಹೊಸ ಸೀರೆ ಮಡಚಿಡುವಾಗ ಅವ್ವ, "ಗಾಡಿ ಕೆಟ್ಟರ ಅವರೇನ ಮಾಡ್ತಾರ," ಎಂದು ತನಗೆ ತಾನೇ ಹೇಳಿಕೊಂಡಳು.

ಮಿಸ್ತ್ರಿ ಕಾರ್ಬೋರೇಟರ್ ಬಿಚ್ಚಿ ತೊಳೆದ. ಹೊಸ ಪ್ಲಗ್ಗು ಹಾಕಿದ. ಇಂಜಿನ್ನಿನ ಪಾಯಿಂಟು ತಿಕ್ಕಿದ. ಪೆಟ್ರೋಲ್ ಪೈಪೂ ಬದಲಾಯಿತು. ಗಾಡಿ ಮಿಲ್ಲಿಗೆ ಹೋಗಿಬರಲು ಎಂದೂ ತಕರಾರು ಮಾಡಲಿಲ್ಲ, ಪೇಟೆಗೂ ಹೋಯಿತು, ಕಾಳಿಯ ದಂಡೆಗೂ ಹೋಯಿತು. ದೂರದ ಪ್ರಯಾಣ ನಮಗಿದ್ದದ್ದು ಒಂದೇ, ಪಾಳಾದ್ದು. ಅದಕ್ಕೆ ಹೊರಟಾಗ ಮಾತ್ರ ಹಳಿಯಾಳದ ಈಚೆಗೋ ಆಚೆಗೋ ನಿಂತೇ ನಿಲ್ಲುತ್ತಿತ್ತು. ಪಂಚಮಿಗೆ ಹೊರಟರೂ ಅಷ್ಟೇ, ಜಾತ್ರೆಗೆ ಹೊರಟರೂ ಅಷ್ಟೇ, ಮಾಮನ ಮಗನ ತೊಟ್ಟಿಲಿಗೆ ಹೊರಟರೂ ಅಷ್ಟೇ. ಪ್ರತಿ ಸಲವೂ ಅದೇ ಪೂಜೆ, ಅದೇ ರಸ್ತೆಯ ಬದಿ, ಅದೇ ಬಸ್ಸು, ಅದೇ "ಹೋಗ್ರಿ, ನಮ್ಮ ಗಾಡಿ ಐತಿ." ಬಸ್ಸಿನ ಕಿಟಕಿಗಳಲ್ಲಿ ತವರಿಗೆ ಹೊರಟ ಹೆಣ್ಣುಮಕ್ಕಳ ಮುಖಗಳು. ನಾವು ಮೂರು ಜನ ಗಟಾರದ ದಂಡೆಯ ಕಲ್ಲಿನ ಹತ್ತಿರ. ಪ್ರತಿ ಸಲವೂ ಕೊನೆಗೆ ಮುಚ್ಚಳ ತೆಗೆದು ಪೆಟ್ರೋಲು ನೋಡಿದ ಮೇಲೆಯೇ ಗಾಡಿ ಚಾಲೂ ಆಗುತ್ತಿತ್ತು. ಹೆಸರು ಬರುತ್ತಿದ್ದದ್ದು ಮಾತ್ರ ಪ್ಲಗ್ಗಿಗೋ ಕಾರ್ಬೋರೇಟರಿಗೋ, ಅದಕ್ಕಿಂತ ಮೊದಲು ಅಪ್ಪ ಮುಟ್ಟಿದ್ದು ಯಾವುದೋ ಅದಕ್ಕೆ.

ಅವ್ವ ತನಗೆ ತಿಳಿದ ರಿಪೇರಿ ತಾನು ಮಾಡತೊಡಗಿದಳು. ಶ್ರಾವಣ ಸೋಮವಾರಕ್ಕಷ್ಟೇ ಇದ್ದ ಗಾಡಿಯ ಪೂಜೆ ಪ್ರತಿ ಸೋಮವಾರಕ್ಕೆ ಬಂತು. ವಿಭೂತಿಯ ಗಟ್ಟಿಯನ್ನು ನೀರಿನಲ್ಲಿ ತೇಯ್ದು, ಮುಚ್ಚಳದ ಮೇಲೆ ಪದರಿನ ಮೇಲೆ ಪದರು ಹಚ್ಚುತ್ತಿದ್ದಳು. ಹಚ್ಚುವಾಗ ಅವಳ ತುಟಿ ಅಲುಗಾಡುತ್ತಿತ್ತು. ಬೇಡಿಕೊಳ್ಳುತ್ತಿದ್ದದ್ದು ಏನೆಂದು ಕೇಳುವುದೇ ಬೇಡ. ಒಂದು ಸಲ ನನ್ನ ಎದುರಿಗೇ ಬಾಯಿಬಿಟ್ಟು, "ನಮ್ಮವ್ವನ ಮಾರಿ ನೋಡಿ ಎಷ್ಟ ದಿನ ಆತು. ಈ ವರ್ಷರ ಮುಟ್ಟಸಪ್ಪಾ," ಎಂದಳು. ಗಾಡಿಗೆ ಹೇಳಿದಳೋ ಶಿವನಿಗೆ ಹೇಳಿದಳೋ, ಆ ಹೊತ್ತಿಗೆ ಅವಳಿಗೂ ಭೇದ ಉಳಿದಿರಲಿಲ್ಲ ಎನ್ನಿಸುತ್ತದೆ. ಮುಚ್ಚಳದ ಮೇಲಿನ ವಿಭೂತಿ ಗೋಡೆಯ ಸುಣ್ಣದ ಹಾಗೆ ಗಟ್ಟಿಯಾಗಿತ್ತು. ಬಿಸಿಲಿಗೆ ನಿಂತಾಗ ಪೆಟ್ರೋಲಿನ ಆವಿ ಅದಕ್ಕೆ ತಾಗಿ, ಛಪ್ಪರದ ಕೆಳಗೆಲ್ಲ ನಾನು ಮೊದಲು ಹೇಳಿದ ಆ ವಾಸನೆ.

ಒಂದು ಮಧ್ಯಾಹ್ನ ಅವ್ವ ಶೇಂಗಾ ಎಣ್ಣೆಯ ಹೊಸ ಡಬ್ಬಿ ಒಡೆಯುತ್ತಿದ್ದಳು. ನಾನು ಬೋಗುಣಿ ಹಿಡಿದು ಕೂತಿದ್ದೆ. ಡಬ್ಬಿಯ ಒಂದು ಮೂಲೆಗೆ ಮೊಳೆಯಿಟ್ಟು ತೂತು ಮಾಡಿ ಬಗ್ಗಿಸಿದಳು. ಎಣ್ಣೆ ಒಂದಿಷ್ಟು ಬಂದು, ಗುಳುಗುಳು ಎಂದು, ನಿಂತಿತು. ಎಲ್ಲ ಹೆಂಗಸರೂ ಮಾಡುವ ಹಾಗೆ ಎದುರಿನ ಮೂಲೆಗೆ ಇನ್ನೊಂದು ತೂತು ಹೊಡೆದಳು. 'ಸುಂಯ್' ಎಂದು ಗಾಳಿ ಒಳಗೆ ಹೋಯಿತು, ಎಣ್ಣೆ ದಾರದ ಹಾಗೆ ಎಳೆ ಹಿಡಿದು ಇಳಿಯಿತು. ಬೋಗುಣಿ ತುಂಬಿ ನನ್ನ ಲಂಗದ ಮೇಲೆ ಚೆಲ್ಲಿದರೂ ಅವ್ವ ಡಬ್ಬಿ ಎತ್ತಲಿಲ್ಲ. ಆ 'ಸುಂಯ್' ಸಪ್ಪಳವನ್ನು ಅವಳು ಬೇರೆ ಕಡೆ ಕೇಳಿದ್ದಳು. ರಸ್ತೆಯ ಬದಿಯಲ್ಲಿ, ಅಪ್ಪ ಟಾಕಿಯ ಮುಚ್ಚಳ ತೆಗೆದಾಗಲೆಲ್ಲ.

ಡಬ್ಬಿ ಕೆಳಗಿಟ್ಟು ಸೀದಾ ಛಪ್ಪರಕ್ಕೆ ಬಂದಳು. ರಾತ್ರಿ ಶಿಫ್ಟು ಮುಗಿಸಿ ಬಂದ ಅಪ್ಪ ಒಳಗೆ ಮಲಗಿದ್ದ. ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು ಮುಚ್ಚಳದ ಮೇಲಿನ ವಿಭೂತಿಯನ್ನು ಮೆಲ್ಲಗೆ ಕೆರೆದಳು. ವರ್ಷಗಟ್ಟಲೆಯ ಭಕ್ತಿ ಹೆಕ್ಕಳಿಕೆಗಳಾಗಿ ಉದುರಿತು. ಕೆಳಗೆ, ಮುಚ್ಚಳದ ನಡುವೆ, ಸಾಸಿವೆ ಕಾಳಿನಷ್ಟು ಒಂದು ತೂತು. ಟಾಕಿಯೊಳಗೆ ಗಾಳಿ ಹೋಗಲೆಂದು ಮಾಡುವಾಗಲೇ ಬಿಟ್ಟ ತೂತು ಅದು. ಪೆಟ್ರೋಲು ಇಳಿಯಬೇಕಾದರೆ ಮೇಲಿನಿಂದ ಗಾಳಿ ಬರಬೇಕು. ಗಾಳಿ ಬರದಿದ್ದರೆ ಸ್ವಲ್ಪ ದೂರ ಓಡಿ, ಟಾಕಿ ತುಂಬಿದ್ದರೂ ಗಾಡಿ ಉಪವಾಸ ಬೀಳುತ್ತದೆ. ಮಿಲ್ಲಿನ ದಾರಿ ಸಣ್ಣದು, ಉಪವಾಸ ಬೀಳುವಷ್ಟರಲ್ಲಿ ಮುಗಿದಿರುತ್ತಿತ್ತು. ಪಾಳಾದ ದಾರಿ ದೊಡ್ಡದು. ಅವ್ವ ಇಷ್ಟನ್ನೂ ಒಂದು ಎಣ್ಣೆ ಡಬ್ಬಿಯಿಂದ ತಿಳಿದುಕೊಂಡು, ಪಿನ್ನಿನ ತುದಿಯಿಂದ ತೂತನ್ನು ಬಿಡಿಸಿ, ಬಾಯಿಂದ ಊದಿದಳು. ಆಮೇಲೆ ಹೊಸ್ತಿಲ ಮೇಲೆ ಕೂತು, ಒಳಗೆ ಕೇಳದ ಹಾಗೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಗುತ್ತಲೇ ಕಣ್ಣಲ್ಲಿ ನೀರು ಬಂತು. "ನೋಡ ಕಸ್ತೂರಿ, ಇಷ್ಟ ವರ್ಷ ನಾನ ನನ್ನ ಕೈಯಾರೆ ದಾರಿ ಮುಚ್ಚಿಕೊಂತ ಬಂದೇನಿ," ಎಂದಳು. "ಅಪ್ಪಗ ಹೇಳ್ಲೇನು?" ಎಂದೆ. "ಬ್ಯಾಡ. ಪಂಚಮಿಗಿ ಗಾಡಿನ ಹೇಳತೈತಿ."

ಆ ಪಂಚಮಿಯ ಪ್ರಯಾಣದಷ್ಟು ಸಂತೋಷ ನಾನು ಅವ್ವನ ಮೈಯಲ್ಲಿ ಮತ್ತೆಂದೂ ಕಾಣಲಿಲ್ಲ. ಪೂಜೆಯನ್ನು ಹೆಡ್‌ಲೈಟಿಗೇ ಮುಗಿಸಿದ್ದಳು. ಹಳಿಯಾಳ ದಾಟಿತು. ನಾವು ವರ್ಷ ವರ್ಷ ಕೂಡುತ್ತಿದ್ದ ಕಲ್ಲು ದಾಟಿತು. ಕಲಘಟಗಿ ಬಂತು, ಹೋಯಿತು. ಅವ್ವ ಹಿಂದಿನಿಂದ ಮಾತಾಡುತ್ತಲೇ ಇದ್ದಳು: ಅದು ನಮ್ಮ ದೊಡ್ಡಪ್ಪನ ಬೀಗರ ಊರು, ಈ ಕೆರಿಯಾಗ ಸಣ್ಣಾಕಿದ್ದಾಗ ಕಾಲು ತೊಳಕೊಂಡಿದ್ನಿ, ಇಲ್ಲೊಂದು ಹುಣಸಿಮರ ಇತ್ತಲ್ರೀ. ಅಪ್ಪ ಮೊದಮೊದಲು ಹೂಂ ಅನ್ನುತ್ತಿದ್ದ. ಆಮೇಲೆ ಅದೂ ನಿಂತಿತು. ಊರು ಹತ್ತಿರ ಬಂದಂತೆ ಗಾಡಿಯ ವೇಗ ಕಡಿಮೆಯಾಗುತ್ತ ಬಂತು. ಮುಂಡಗೋಡ ಇನ್ನೂ ಸ್ವಲ್ಪ ಮುಂದಿತ್ತು, ಟಿಬೆಟನ್ ಕಾಲೊನಿಯ ಗೋವಿನಜೋಳದ ಹೊಲಗಳು ಶುರುವಾಗಿದ್ದವು. ಆಗ ನನ್ನ ಎಡಮೊಣಕಾಲಿನ ಪಕ್ಕ ಅಪ್ಪನ ಕೈ ಕೆಳಗೆ ಬಂದದ್ದನ್ನು ನೋಡಿದೆ. ಆ ಕೈ ಟಾಕಿಯ ಕೆಳಗಿನ ಕಾಕನ್ನು ಅಡ್ಡ ತಿರುಗಿಸಿ ಮತ್ತೆ ಹ್ಯಾಂಡಲಿಗೆ ಹೋಯಿತು. ಮನೆಯಲ್ಲಿ ಗಾಡಿ ನಿಲ್ಲಿಸಿದ ಮೇಲೆ ಪೆಟ್ರೋಲು ಬಂದ್ ಮಾಡಲು ದಿನವೂ ತಿರುಗಿಸುವ ಕಾಕು ಅದು. ಕಾರ್ಬೋರೇಟರಿನಲ್ಲಿ ಉಳಿದಿದ್ದ ಪೆಟ್ರೋಲಿಗೆ ಗಾಡಿ ಇನ್ನೊಂದಿಷ್ಟು ದೂರ ಓಡಿತು. ಆಮೇಲೆ ಮುಗ್ಗರಿಸಿ ನಿಂತಿತು.

ಅಪ್ಪ ಇಳಿದ. ಒದ್ದ. ಪ್ಲಗ್ಗು ತೆಗೆದು ಕರವಸ್ತ್ರದಿಂದ ಒರೆಸಿದ. "ಹಾಳಾದ್ದು, ಸುಧಾರಸಂಗಿಲ್ಲ ಇದು," ಎಂದ. ತನ್ನ ರಿಪೇರಿಯೂ ಸುಳ್ಳಾಯಿತೇ ಎಂದು ಅವ್ವನಿಗೆ ಅನ್ನಿಸಿರಬೇಕು. ಅಪ್ಪ ಆ ಕಡೆ ತಿರುಗಿ ಕೂತಿದ್ದಾಗ ಮುಚ್ಚಳದ ತೂತು ಮುಟ್ಟಿ ನೋಡಿದಳು, ಅದು ತೆರೆದೇ ಇತ್ತು. ಆಮೇಲೆ ಬಗ್ಗಿ ಟಾಕಿಯ ಕೆಳಗೆ ನೋಡಿದಳು. ಪ್ರತಿ ಸೋಮವಾರ ಆ ಗಾಡಿ ತೊಳೆದವಳಿಗೆ ಕಾಕು ಯಾವ ಕಡೆ ಇದ್ದರೆ ಚಾಲೂ, ಯಾವ ಕಡೆ ಇದ್ದರೆ ಬಂದ್ ಎಂದು ಯಾರೂ ಹೇಳಿಕೊಡಬೇಕಿರಲಿಲ್ಲ. ನಾನು "ಅಪ್ಪಾ, ಕಾಕು..." ಎಂದು ಬಾಯಿ ತೆರೆಯುವಷ್ಟರಲ್ಲಿ ಅವಳ ಕೈ ನನ್ನ ಭುಜವನ್ನು ಬಲವಾಗಿ ಒತ್ತಿತು. ಅಪ್ಪನ ಬೆನ್ನನ್ನು ಅವಳು ಬಹಳ ಹೊತ್ತು ನೋಡಿದಳು. ಅಂಗಿ ಬೆವರಿನಿಂದ ಒದ್ದೆಯಾಗಿತ್ತು, ಒರೆಸಿದ ಪ್ಲಗ್ಗನ್ನೇ ಮತ್ತೆ ಮತ್ತೆ ಒರೆಸುತ್ತಿದ್ದ. ಇಷ್ಟು ವರ್ಷ ಗಾಡಿಯೇ ಅವನ ಸಿಟ್ಟಿನ ಪರವಾಗಿ ನಿಂತುಬಿಡುತ್ತಿತ್ತು, ಅವನು ಬಾಯಿ ತೆರೆಯುವ ಕೆಲಸವೇ ಬಂದಿರಲಿಲ್ಲ. ಇಂದು ಗಾಡಿ ಕೈಬಿಟ್ಟಿತ್ತು. ಉಣ್ಣದೆ ಎದ್ದುಬಂದ ಮನೆಗೆ, ಕರೆಯಲು ಬಂದವನನ್ನೂ ತಾನೇ ಬೇಡವೆಂದ ಮೇಲೆ, ಮತ್ತೆ ಹೇಗೆ ಹೋಗಬೇಕೆಂದು ಅವನಿಗೆ ತಿಳಿಯುತ್ತಿರಲಿಲ್ಲ. ಹೋಗುವುದಿಲ್ಲ ಎಂದು ಹೇಳಲೂ ಬರುತ್ತಿರಲಿಲ್ಲ. ಅವ್ವನಿಗಿಂತ ಅವನೇ ಗಟ್ಟಿಯಾಗಿ ಸಿಕ್ಕಿಹಾಕಿಕೊಂಡಿದ್ದ.

ಅವ್ವ ಕೈ ಚಾಚಿ ಕಾಕು ತಿರುಗಿಸಿದ್ದರೆ ಗಾಡಿ ಚಾಲೂ ಆಗುತ್ತಿತ್ತು, ಅಪ್ಪನ ಮುಖ ಉಳಿಯುತ್ತಿರಲಿಲ್ಲ. ಅವಳು ಅದನ್ನು ಮುಟ್ಟಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಬಸ್ಸು ಬಂತು, ಅಪ್ಪ ಎಂದಿನಂತೆ ಕೈ ಎತ್ತುವ ಮೊದಲೇ ಅವ್ವ ರಸ್ತೆಗೆ ಬಂದು ಕೈ ಅಡ್ಡ ಹಿಡಿದಳು. ಬಸ್ಸು ನಿಂತಿತು. "ನೀವು ಸಾವಕಾಶ ಗಾಡಿ ನೋಡ್ಕೊಳ್ರಿ. ನಾವು ಮುಂದ ಹೋಗಿರ್ತೇವಿ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಅಪ್ಪ ಅವಳ ಮುಖ ನೋಡದೆ, "ಹೂಂ," ಎಂದ. ಆಮೇಲೆ ಕೈ ಒರೆಸಿಕೊಂಡು ಬಂದು ನಮ್ಮ ಚೀಲ ಎತ್ತಿ ಬಸ್ಸಿನೊಳಗೆ ಇಟ್ಟ. ಪಾಳಾದ ಅಜ್ಜಿ ಅಗಸಿಯ ತನಕ ಓಡಿಬಂದು ಅವ್ವನನ್ನು ಅಪ್ಪಿಕೊಂಡು, ಹಿಂದೆ ಯಾರಾದರೂ ಬರುತ್ತಿದ್ದಾರೇನೋ ಎಂದು ದಾರಿ ನೋಡಿದಳು. "ಗಾಡಿ ಕೆಟ್ಟೈತಿ ಯವ್ವಾ, ರಿಪೇರಿ ಮಾಡ್ಸಾಕ ಹೋಗ್ಯಾರ," ಎಂದು ಅವ್ವ ಹೇಳಿದಳು. ಅಜ್ಜಿ ನಂಬಿದಳೋ ಬಿಟ್ಟಳೋ. ಅಂದೇ ಸಂಜೆ ನಾವು ತಿರುಗಿ ಹೊರಟಾಗ ಒಂದು ಗಂಟು ಕೊಟ್ಟು, "ದಾರಿ ಮ್ಯಾಲ ನಿಂತಾವ್ರಿಗಿ ಕೊಡು," ಎಂದಳು. ಗಂಟಿನಲ್ಲಿ ಶೇಂಗಾ ಉಂಡಿ, ತಂಬಿಟ್ಟಿನ ಉಂಡಿ. ಕಾಲೊನಿಯ ಅದೇ ಹೊಲದ ಹತ್ತಿರ ಅಪ್ಪ ಗಾಡಿ ನಿಲ್ಲಿಸಿಕೊಂಡು ಕಾಯುತ್ತಿದ್ದ. ಅವ್ವ ಗಂಟು ಬಿಚ್ಚಿ ಕೊಟ್ಟಳು, ಅವನು ರಸ್ತೆಯ ಮೇಲೆ ನಿಂತೇ ತಿಂದ. ಆಮೇಲೆ ಒದ್ದ, ಗಾಡಿ ಚಾಲೂ ಆಯಿತು.

ಅಂದಿನಿಂದ ಅದೇ ಒಂದು ರೂಢಿಯಾಯಿತು. ಪ್ರತಿ ಪಂಚಮಿಗೆ ಗಾಡಿ ನಮ್ಮನ್ನು ಗೋವಿನಜೋಳದ ಹೊಲದ ತನಕ ಸುಖವಾಗಿ ತಂದು, ಅಲ್ಲಿ ಕೆಡುತ್ತಿತ್ತು. ನಾನು ಟಾಕಿಯ ಮೇಲಿಂದ ಇಳಿದು ಅವರಿಬ್ಬರ ನಡುವೆ ಕೂಡುವಷ್ಟು ದೊಡ್ಡವಳಾದೆ, ಆಗಲೂ ಕೆಡುತ್ತಿತ್ತು. ಅವ್ವ ಇಳಿಯುತ್ತಿದ್ದಳು, ಬಸ್ಸು ಬರುತ್ತಿತ್ತು, ಅಪ್ಪ ಚೀಲ ಎತ್ತಿಡುತ್ತಿದ್ದ. ವರ್ಷ ಕಳೆದಂತೆ ಅವನು ಪ್ಲಗ್ಗು ಬಿಚ್ಚುವ ತೊಂದರೆಯನ್ನೂ ಬಿಟ್ಟ, ಸುಮ್ಮನೆ ಗಾಡಿಯ ಪಕ್ಕ ನಿಂತಿರುತ್ತಿದ್ದ. ನನಗೆ ಒಮ್ಮೊಮ್ಮೆ ಮೈ ಉರಿಯುತ್ತಿತ್ತು. ಇಬ್ಬರಿಗೂ ಗೊತ್ತಿದ್ದ ಒಂದು ಸುಳ್ಳಿಗೆ ಮೂರೂ ಜನ ಯಾಕೆ ಮಳೆಯಲ್ಲಿ ನೆನೆಯಬೇಕು? ಕೇಳಿದರೆ ಅವ್ವ ನಗುತ್ತಿದ್ದಳು. "ಇಲ್ಲಿ ತನಕರ ಬರ್ತಾರಲ್ಲ. ಒಂದ ದಿನ ಮುಂದನೂ ಬರ್ತಾರ." ಅವಳು ಕಾಯುತ್ತಿದ್ದದ್ದು ಅದಕ್ಕೆ. ತಾನು ತವರು ಮುಟ್ಟಿದರೆ ಮುಗಿಯಿತು ಎಂದು ನಾನು ತಿಳಿದಿದ್ದೆ. ಅವಳಿಗೆ ಅಷ್ಟು ಸಾಕಾಗಿರಲಿಲ್ಲ. ತನ್ನ ಗಂಡ ಆ ಮನೆಯಲ್ಲಿ ಕೂತು ಒಂದು ತುತ್ತು ಉಣ್ಣುವುದನ್ನು ತನ್ನ ಅವ್ವ ಕಣ್ಣಾರೆ ನೋಡಬೇಕು ಎಂಬುದು ಅವಳ ಆಸೆ. ಅಜ್ಜಿಯೂ ಪ್ರತಿ ವರ್ಷ ಗಂಟು ಕಟ್ಟುತ್ತಿದ್ದಳು, ಅಗಸಿಯ ತನಕ ಬಂದು ದಾರಿ ನೋಡುತ್ತಿದ್ದಳು.

ನಾನು ಕಾಲೇಜು ಕಲಿಯುತ್ತಿದ್ದ ವರ್ಷ, ಚಳಿಗಾಲದ ಒಂದು ಬೆಳಿಗ್ಗೆ, ಮಿಲ್ಲಿನ ಗೇಟಿಗೆ ಮಾಮನ ಫೋನು ಬಂತು. ಅಪ್ಪ ಶಿಫ್ಟಿನ ನಡುವೆಯೇ ಎದ್ದು ಮನೆಗೆ ಬಂದ. ಅಜ್ಜಿ ಹೋದಳೆಂದು ಅವನ ಬಾಯಿಂದಲೇ ಅವ್ವ ಕೇಳಬೇಕಾಯಿತು. ಅಂದು ಗಾಡಿಗೆ ಪೂಜೆ ಇಲ್ಲ, ಏನಿಲ್ಲ. ಮೂವರೂ ಕೂತೆವು. ದಾರಿಯುದ್ದ ಅವ್ವ ಅಳಲಿಲ್ಲ. ಕಾಲೊನಿಯ ಹೊಲಗಳು ಬಂದವು, ಕೊಯ್ಲಾಗಿ ಬರೀ ಕೂಳೆ ನಿಂತಿತ್ತು. ಅಪ್ಪನ ಎರಡೂ ಕೈಗಳು ಹ್ಯಾಂಡಲಿನ ಮೇಲೇ ಇದ್ದವು. ಗಾಡಿ ನಿಲ್ಲಲಿಲ್ಲ. ಮುಂಡಗೋಡ ದಾಟಿತು, ಪಾಳಾದ ಅಗಸಿ ದಾಟಿತು, ಮನೆಯ ಮುಂದಿನ ಜನರ ನಡುವೆ ಹೋಗಿ ನಿಂತಿತು. ಅವ್ವ ಇಳಿದವಳು ಒಳಗೆ ಓಡಲಿಲ್ಲ. ಬಿಸಿಯಾಗಿ ಟಿಕ್ಕು ಟಿಕ್ಕು ಎನ್ನುತ್ತಿದ್ದ ಇಂಜಿನ್ನಿನ ಪಕ್ಕ ನಿಂತು, ಅಷ್ಟು ಜನರ ಎದುರಿಗೆ, ಮೆಲ್ಲಗೆ ಅಂದಳು: "ನಿಲ್ಲಲಿಲ್ಲಲ್ರೀ ಇವತ್ತ." ಅಪ್ಪ ತಲೆ ಬಗ್ಗಿಸಿದ. ಮಾಮ ಬಂದು ಅವನ ಕಾಲಿಗೆ ನೀರು ಕೊಟ್ಟ. ಅಂದು ಸಂಜೆ ಮಣ್ಣು ಮುಗಿಸಿ ಬಂದವರಿಗೆ ಹಾಕಿದ ಪಂಕ್ತಿಯಲ್ಲಿ ಅಪ್ಪ ಆ ಮನೆಯ ಅನ್ನ ಉಂಡ. ಬಡಿಸಿದವಳು ಅವ್ವ. ನೋಡಬೇಕಾದವಳು ಇರಲಿಲ್ಲ.

ಅವರಿಬ್ಬರೂ ಈಗಿಲ್ಲ. ಆ ಕ್ವಾರ್ಟರ್ಸಿನಲ್ಲಿ ಬೇರೆ ಯಾರೋ ಇದ್ದಾರೆ, ಗಾಡಿ ಯಾವ ಗುಜರಿ ಸೇರಿತೋ ಗೊತ್ತಿಲ್ಲ. ನನ್ನ ಮನಸ್ಸು ಮಾತ್ರ ಅಜ್ಜಿ ಹೋದ ಮೇಲಿನ ಮೊದಲ ಪಂಚಮಿಯಲ್ಲಿ ಸಿಕ್ಕಿಕೊಂಡುಬಿಟ್ಟಿದೆ. ಅಂದು ಬೆಳಿಗ್ಗೆ ಅಪ್ಪ ತಾನೇ ಎದ್ದು ಗಾಡಿ ತೊಳೆದ, ತನಗೆ ಬಂದ ಹಾಗೆ ಹೆಡ್‌ಲೈಟಿಗೆ ವಿಭೂತಿ ಹಚ್ಚಿದ. ಹೊಸ ಅಂಗಿ ತೊಟ್ಟು ಅಡಿಗೆಮನೆಯ ಬಾಗಿಲಿಗೆ ಬಂದು, "ಲಗೂ ತಯಾರಾಗು. ಪಾಳಾಕ್ಕ ಹೋಗೂಣು. ಮನಿ ತನಕ ಹೋಗೂಣು," ಎಂದ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ಅಗಸ್ಯಾಗ ದಾರಿ ನೋಡಾಕಿನ ಇಲ್ಲ. ಇನ್ನ ಎಲ್ಲಿಗಿ ಹೋಗೂದ್ರೀ," ಎಂದಳು.

ಅಪ್ಪ ಛಪ್ಪರಕ್ಕೆ ಹೋದ. ಒದ್ದದ್ದು ಕೇಳಿಸಿತು. ಗಾಡಿ ಮೊದಲ ಒದೆತಕ್ಕೇ ಚಾಲೂ ಆಯಿತು. ಒಂದು ಸಲವೂ ಮುಗ್ಗರಿಸದೆ, ಬಹಳ ಹೊತ್ತು, ನಿಂತಲ್ಲೇ ಓಡಿತು. ಆಮೇಲೆ ಅಪ್ಪ ಅದನ್ನು ಬಂದ್ ಮಾಡಿದ.